ಕಾರ್ಡಿನಲ್ಲಿ ಎಷ್ಟಿದೆ, ಮುಂದಿನದು ಯಾವತ್ತು?

ಹೋದ ಶಿಬಿರದಲ್ಲಿ ನಾನು ಮಂಡಿನೋವಿನ ಬಗ್ಗೆ ಮಾತಾಡಿದ್ದೆ. ಈ ಸಲ ಡಾಕ್ಟರು ರೇಷನ್ ಕಾರ್ಡಿನ ವಿಷಯ ಯಾಕೆ ತೆಗೆದರು ಅಂತ ನಿಮಗೆ ಅನ್ನಿಸಬಹುದು. ಕಾರಣ ಮೊದಲೇ ಹೇಳಿಬಿಡುತ್ತೇನೆ.

ನನ್ನ ಹತ್ತಿರ ತೋರಿಸಿಕೊಳ್ಳುವ ಅಮ್ಮ ಒಬ್ಬರಿದ್ದಾರೆ. ಹೆಸರು ಬೇಡ. ಎಪ್ಪತ್ತು ದಾಟಿದೆ, ಯಜಮಾನರು ಹೋದ ಮೇಲೆ ಹಿರಿಯರ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಇದ್ದಾರೆ. ಸಕ್ಕರೆ ಕಾಯಿಲೆಗೆ ಗ್ಲಿಮಿಪಿರೈಡ್ ಮಾತ್ರೆ ತಗೋತಾರೆ. ಎರಡು ತಿಂಗಳು ಸಾಲಾಗಿ ಬೆಳಗಿನ ಜಾವ ಮೈಯೆಲ್ಲ ಬೆವರಿ, ಕೈ ನಡುಗಿ, ಮಾತು ತೊದಲಿ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋದರು. ಎರಡು ಸಲವೂ ಸಕ್ಕರೆ 50ರ ಆಸುಪಾಸು. ಮಾತ್ರೆ ಬದಲಿಸುವುದು ನನ್ನ ಕೆಲಸ, ಬದಲಿಸಿದೆ. ಆದರೆ ಕಾಗದ ತಿರುವಿ ಹಾಕುವಾಗ ತಾರೀಕು ಕಣ್ಣಿಗೆ ಬಿತ್ತು. ಒಂದು 29, ಇನ್ನೊಂದು 30.

"ಹಿಂದಿನ ರಾತ್ರಿ ಏನು ಊಟ ಮಾಡಿದ್ರಿ ಅಮ್ಮ?" ಅಂತ ಕೇಳಿದೆ. "ಮಜ್ಜಿಗೆ ಕುಡಿದು ಮಲಗಿದೆ. ವಯಸ್ಸಾಯಿತಲ್ಲ, ರಾತ್ರಿ ಹಸಿವೇ ಆಗಲ್ಲ" ಅಂದರು. ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆಮೇಲೆ ಅವರೇ ಹೇಳಿದರು. ಒಂದು ಸಲ ಅಂಗಡಿಯಲ್ಲಿ ಕಾರ್ಡ್ ಹಾಕಿದಾಗ ಹಣ ಸಾಲಲಿಲ್ಲವಂತೆ. ಹಿಂದೆ ನಿಂತವರೆಲ್ಲ ನೋಡುತ್ತಿರುವಾಗ ತೊಗರಿಬೇಳೆ ಪೊಟ್ಟಣ ವಾಪಸ್ ಇಟ್ಟು ಬಂದರಂತೆ. ಅವತ್ತಿನಿಂದ 20ನೇ ತಾರೀಕು ಆದ ಮೇಲೆ ಅಂಗಡಿಯ ಕಡೆಗೇ ಹೋಗುವುದಿಲ್ಲ, ಇದ್ದದ್ದರಲ್ಲಿ ಅಳೆದು ಸುರಿದು ಉಣ್ಣುತ್ತಾರೆ. ನಾವು ಅಲ್ಲೇ, ನನ್ನ ಮೇಜಿನ ಮುಂದೆ ಕೂತು, ಕಾರ್ಡಿನ ಹಿಂದಿನ ನಂಬರಿಗೆ ಫೋನ್ ಮಾಡಿದೆವು. ಅದರಲ್ಲಿ ಇನ್ನೂ 61 ಡಾಲರ್ ಇತ್ತು.

ದುಡ್ಡು ಇದ್ದೂ ಉಪವಾಸ. ಅದಕ್ಕೇ ಈ ಮಾತು.

ಮೊದಲು ಯಾರಿಗೆ ಈ ಕಾರ್ಡ್ ಅಂತ ಹೇಳಿಬಿಡೋಣ. ವಿಸಿಟರ್ ವೀಸಾದಲ್ಲಿ ಮಕ್ಕಳ ಮನೆಗೆ ಬಂದವರಿಗೆ ಇದು ಸಿಗುವುದಿಲ್ಲ, ಅರ್ಜಿ ಹಾಕಲೂಬೇಡಿ. ಆದರೆ ಈ ಸಭೆಯಲ್ಲಿ ಮೊದಲು ಹಾಗೇ ಬಂದು, ಆಮೇಲೆ ಗ್ರೀನ್ ಕಾರ್ಡ್ ಪಡೆದು, ಈಗ ಸಿಟಿಜನ್ ಆದವರೂ ಇದ್ದೀರಿ. ಗ್ರೀನ್ ಕಾರ್ಡ್ ಬಂದ ವಯಸ್ಕರು ಕೇಂದ್ರ ಸರ್ಕಾರದ ಹಣಕ್ಕೆ ಸಾಮಾನ್ಯವಾಗಿ ಐದು ವರ್ಷ ಕಾಯಬೇಕು. ಆದಾಯದ ಲೆಕ್ಕ ಬೇರೆ ಇದೆ, ಕೆಲವು ಸಲ ನಿಮ್ಮನ್ನು ಸ್ಪಾನ್ಸರ್ ಮಾಡಿದ ಮಗ ಅಥವಾ ಮಗಳ ಆದಾಯವನ್ನೂ ನೋಡುತ್ತಾರೆ. ಇವತ್ತು ಬರೀ ಮೊಮ್ಮಗನನ್ನು ನೋಡಲು ಬಂದವರೂ ಕೇಳಿಸಿಕೊಳ್ಳಿ. ಸಂಜೆ ನಿಮ್ಮ ಜೊತೆ ವಾಕಿಂಗ್ ಬರುವವರಲ್ಲಿ ಯಾರ ಕೈಯಲ್ಲಾದರೂ ಈ ಕಾರ್ಡ್ ಇರಬಹುದು, ಅವರು ಬಾಯಿಬಿಟ್ಟು ಹೇಳಿರುವುದಿಲ್ಲ.

ಇದಕ್ಕೆ ದೇಶದಲ್ಲೆಲ್ಲ ಸ್ನ್ಯಾಪ್ ಅನ್ನುತ್ತಾರೆ, ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಕ್ಯಾಲ್‌ಫ್ರೆಶ್. ಕಾರ್ಡಿನ ಹೆಸರು ಇಬಿಟಿ. ಭಿಕ್ಷೆ ಅನ್ನುವವರಿಗೆ ಒಂದು ಮಾತು: ಊರಿನಲ್ಲಿ ನ್ಯಾಯಬೆಲೆ ಅಂಗಡಿ ಮುಂದೆ ಸಕ್ಕರೆಗೆ, ಸೀಮೆಎಣ್ಣೆಗೆ ಡಬ್ಬ ಹಿಡಿದು ಸಾಲು ನಿಂತವರು ನೀವೇ ಅಲ್ಲವೇ? ಆಗ ಯಾರೂ ನಾಚಿಕೊಳ್ಳಲಿಲ್ಲ. ಇಲ್ಲಿ ಸಾಲೂ ಇಲ್ಲ.

ಈಗ ಬ್ಯಾಲೆನ್ಸ್ ನೋಡುವುದು. ಅತಿ ಸುಲಭದ ದಾರಿ ಹಿಂದಿನ ಸಲದ ಅಂಗಡಿ ರಸೀದಿ. ಅದರ ಕೆಳಗೆ ಉಳಿದ ಹಣ ಅಚ್ಚಾಗಿರುತ್ತದೆ. ರಸೀದಿಯನ್ನು ಕಸದ ಬುಟ್ಟಿಗೆ ಹಾಕಬೇಡಿ, ಕಾರ್ಡಿಗೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಡಿ. ನನ್ನ ಆ ಅಮ್ಮ ಈಗ ಹಾಗೇ ಮಾಡುತ್ತಾರೆ. ರಸೀದಿ ಕಳೆದರೆ ಕಾರ್ಡಿನ ಹಿಂದಿನ ನಂಬರಿಗೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗಲೂ ನಡೆಯುತ್ತದೆ, ದುಡ್ಡು ಬೀಳುವುದಿಲ್ಲ. ಮಾತಾಡುವುದು ಯಂತ್ರ, ಅದಕ್ಕೆ ನಿಮ್ಮ ಇಂಗ್ಲಿಷ್ ಹೇಗಿದೆ ಅನ್ನುವುದು ಬೇಕಿಲ್ಲ. ಕಾರ್ಡಿನ 16 ಅಂಕಿ ಒತ್ತಬೇಕು, ಅದು ಕೇಳಿದಾಗ ಪಿನ್ ಒತ್ತಬೇಕು. ಫುಡ್ ಎಷ್ಟು, ಕ್ಯಾಶ್ ಎಷ್ಟು ಅಂತ ಬೇರೆ ಬೇರೆಯಾಗಿ ಹೇಳುತ್ತದೆ. ಫುಡ್ ಅನ್ನುವುದನ್ನು ಗಮನವಿಟ್ಟು ಕೇಳಿ. ಬಹಳ ಜನಕ್ಕೆ ಕ್ಯಾಶ್ ಭಾಗದಲ್ಲಿ ಏನೂ ಇರುವುದಿಲ್ಲ. ಸೊನ್ನೆ ಅಂದದ್ದು ಕಿವಿಗೆ ಬಿದ್ದ ಕೂಡಲೇ ಎಲ್ಲಾ ಖಾಲಿ ಅಂದುಕೊಂಡು ಫೋನ್ ಇಟ್ಟುಬಿಡುತ್ತಾರೆ. ಇಬಿಟಿ ಎಡ್ಜ್ ಅಂತ ಆಪ್ ಕೂಡ ಇದೆ, ಮೊಮ್ಮಕ್ಕಳ ಹತ್ತಿರ ಹಾಕಿಸಿಕೊಳ್ಳಿ, ಆದರೆ ಫೋನಿನ ದಾರಿ ನಿಮಗೆ ಗೊತ್ತಿರಲಿ.

ತಿಂಗಳಲ್ಲಿ ಉಳಿದ ಹಣ ಮುಂದಿನ ತಿಂಗಳಿಗೆ ಸೇರುತ್ತದೆ. ತಿಂಗಳ ಕೊನೆಗೆ ಹೋಗಿಬಿಡುತ್ತೆ ಅಂತ ಮೂಟೆಗಟ್ಟಲೆ ಅಕ್ಕಿ ತರಬೇಕಾಗಿಲ್ಲ. ಬಹಳ ತಿಂಗಳು ಕಾರ್ಡ್ ಮುಟ್ಟದೇ ಇದ್ದರೆ ಮಾತ್ರ ಹಳೆಯ ಹಣ ವಾಪಸ್ ಹೋಗುತ್ತದೆ.

ಮುಂದಿನ ಹಣ ಯಾವತ್ತು? ಕ್ಯಾಲಿಫೋರ್ನಿಯಾದಲ್ಲಿ ಪ್ರತಿ ತಿಂಗಳ 1ರಿಂದ 10ರ ಒಳಗೆ ಬರುತ್ತದೆ, ನಿಮ್ಮ ಕೇಸ್ ನಂಬರಿನ ಕೊನೆಯ ಅಂಕಿ ನೋಡಿಕೊಂಡು. ಕೊನೆಯ ಅಂಕಿ 3 ಆದರೆ 3ನೇ ತಾರೀಕು, 7 ಆದರೆ 7ನೇ ತಾರೀಕು, ಸೊನ್ನೆ ಆದರೆ 10ನೇ ತಾರೀಕು. ಶನಿವಾರ, ಭಾನುವಾರ, ಹಬ್ಬ ಅಂತ ಬದಲಾಗುವುದಿಲ್ಲ. ಇದು ಕಾರ್ಡಿನ ನಂಬರ್ ಅಲ್ಲ, ಕೌಂಟಿಯಿಂದ ಬಂದ ಪತ್ರದಲ್ಲಿರುವ ಕೇಸ್ ನಂಬರ್. ಬೇರೆ ರಾಜ್ಯಗಳಲ್ಲಿ ತಾರೀಕಿನ ಲೆಕ್ಕವೇ ಬೇರೆ. ಡಲ್ಲಾಸಿನ ಅಣ್ಣನಿಗೆ ಬಂತು, ನನಗೆ ಬರಲಿಲ್ಲ ಅಂತ ಗಾಬರಿಯಾಗಬೇಡಿ.

ಎಸ್‌ಎಸ್‌ಐ ಬರುವವರಿಗೆ ಇನ್ನೊಂದು ಗೊಂದಲ. ಅದು 1ನೇ ತಾರೀಕಿನದು, ಆದರೆ 1 ರಜೆಯ ದಿನವಾದರೆ ಹಿಂದಿನ ಕೆಲಸದ ದಿನವೇ ಬಂದುಬಿಡುತ್ತದೆ. ಒಂದೇ ತಿಂಗಳಲ್ಲಿ ಎರಡು ಸಲ ಬಂದ ಹಾಗೆ ಕಾಣುತ್ತದೆ, ಮುಂದಿನ ತಿಂಗಳು ಬರಲೇ ಇಲ್ಲ ಅನ್ನಿಸುತ್ತದೆ. ಊಟದ ಹಣ ಹಾಗಲ್ಲ, ಅದು ತನ್ನ ತಾರೀಕಿಗೇ.

ತಾರೀಕಿಗೆ ಬರದೇ ಇದ್ದರೆ? 2025ರ ನವೆಂಬರಿನಲ್ಲಿ ಕೇಂದ್ರ ಸರ್ಕಾರದ ಕೆಲಸ ನಿಂತಾಗ ದೇಶದಲ್ಲೆಲ್ಲ ಈ ಹಣ ತಡವಾಯಿತು, ಅದು ಯಾರ ಕೈಯಲ್ಲೂ ಇರಲಿಲ್ಲ. ಹೆಚ್ಚಾಗಿ ಮಾತ್ರ ಕಾರಣ ಮನೆಯಲ್ಲೇ ಇರುತ್ತದೆ, ಒಡೆಯದ ಒಂದು ಲಕೋಟೆ. ನವೀಕರಣದ ಫಾರಂ ಕಳಿಸಿರುತ್ತಾರೆ, ನಾವು ಜಾಹೀರಾತು ಅಂತ ಪಕ್ಕಕ್ಕಿಟ್ಟಿರುತ್ತೇವೆ. ಕೌಂಟಿಯ ಪತ್ರ ಬಂದರೆ ಅವತ್ತೇ ಯಾರಿಂದಲಾದರೂ ಓದಿಸಿ.

ಕಳ್ಳರಿಗೂ ಈ ತಾರೀಕು ಗೊತ್ತು. ಅಂಗಡಿಯ ಯಂತ್ರದ ಮೇಲೆ ನಕಲಿ ಮುಚ್ಚಳ ಕೂರಿಸಿ ಕಾರ್ಡಿನ ವಿವರ, ಪಿನ್ ಎರಡನ್ನೂ ಕದಿಯುತ್ತಾರೆ. ಹಣ ಬಿದ್ದ ರಾತ್ರಿಯೇ ಖಾಲಿ ಮಾಡುತ್ತಾರೆ. ಕಳುವಾದ ಊಟದ ಹಣವನ್ನು ಕೇಂದ್ರ ಸರ್ಕಾರ ತುಂಬಿಕೊಡುತ್ತಿದ್ದದ್ದು 2024ರ ಡಿಸೆಂಬರ್ 20ಕ್ಕೆ ನಿಂತಿತು. ಅದಕ್ಕೆ ನಿಮ್ಮ ತಾರೀಕಿನ ಹಿಂದಿನ ದಿನ ಪಿನ್ ಬದಲಿಸಿ, ಅದೇ ಫೋನ್ ನಂಬರಿನಲ್ಲಿ ಆಗುತ್ತದೆ. 1234 ಬೇಡ, ಹುಟ್ಟಿದ ವರ್ಷವೂ ಬೇಡ. ಆಪ್ ಇದ್ದವರು ಸಾಮಾನು ತರದ ದಿನಗಳಲ್ಲಿ ಕಾರ್ಡಿಗೆ ಬೀಗ ಹಾಕಿಡಬಹುದು. ನಿಮ್ಮ ಕಾರ್ಡ್ ಬಂದ್ ಆಗಿದೆ, ಪಿನ್ ಕಳಿಸಿ ಅಂತ ಮೆಸೇಜ್ ಬಂದರೆ ಅದು ಮೋಸ.

ಊರಿಗೆ ಹೊರಡುವವರೂ ಕೇಳಿ. ನಾಲ್ಕು ತಿಂಗಳು ಮೈಸೂರಿಗೆ ಹೋಗುವಾಗ ಕಾರ್ಡನ್ನು ಸೊಸೆಗೆ ಕೊಟ್ಟು, "ನೀವು ಉಪಯೋಗಿಸಿಕೊಳ್ಳಿ" ಅನ್ನುವುದು ಪ್ರೀತಿಯೇ ಇರಬಹುದು, ಕಾನೂನು ಹಾಗೆ ನೋಡುವುದಿಲ್ಲ. ಹೊರಡುವ ಮೊದಲು ಕೌಂಟಿಗೆ ತಿಳಿಸಿ. ಎಸ್‌ಎಸ್‌ಐ ಅಂತೂ ದೇಶ ಬಿಟ್ಟು 30 ದಿನವಾದರೆ ನಿಲ್ಲುತ್ತದೆ.

ಈ ಕಾರ್ಡಿನಲ್ಲಿ ರಾಗಿ ಹಿಟ್ಟು, ಬೇಳೆ, ಮೊಸರು, ತರಕಾರಿ, ಹಣ್ಣು ಬರುತ್ತವೆ. ಕುಂಡದಲ್ಲಿ ಬೆಳೆದುಕೊಳ್ಳಲು ಮೆಂತ್ಯದ ಬೀಜ, ಟೊಮೇಟೊ ಸಸಿ ಕೂಡ ಬರುತ್ತವೆ, ಇದು ನನಗೇ ತಡವಾಗಿ ತಿಳಿದದ್ದು. ಔಷಧಿ, ವಿಟಮಿನ್, ಸೋಪು, ಊದುಬತ್ತಿ ಬರುವುದಿಲ್ಲ. ಇಂಡಿಯನ್ ಅಂಗಡಿಗಳಲ್ಲಿ ಕೆಲವು ತೆಗೆದುಕೊಳ್ಳುತ್ತವೆ, ಕೆಲವು ಇಲ್ಲ. ಬುಟ್ಟಿ ತುಂಬುವ ಮೊದಲೇ ಕೇಳಿ.

ಔಷಧಿ ಅಂದೆ. 60 ದಾಟಿದವರು ಕೈಯಿಂದ ಕೊಟ್ಟ ವೈದ್ಯಕೀಯ ಖರ್ಚು ತಿಂಗಳಿಗೆ 35 ಡಾಲರ್ ಮೀರಿದರೆ ಅದನ್ನು ಆದಾಯದ ಲೆಕ್ಕದಲ್ಲಿ ಕಳೆಯುತ್ತಾರೆ. ಹಾಗಾದಾಗ ಬರುವ ಮೊತ್ತ ಹೆಚ್ಚಾಗಬಹುದು. ಕನ್ನಡಕ, ಹಲ್ಲಿನ ಸೆಟ್ಟು, ಡಾಕ್ಟರ ಹತ್ತಿರ ಹೋಗಿಬರುವ ಖರ್ಚು ಸಹ ಸೇರುತ್ತದೆ. ಹೇಳಿದರೆ ಮಾತ್ರ ಸೇರುತ್ತದೆ. ಫಾರ್ಮಸಿ ರಸೀದಿಗಳನ್ನು ಒಂದು ಹಳೆಯ ಬಿಸ್ಕತ್ತಿನ ಡಬ್ಬದಲ್ಲಿ ಹಾಕುತ್ತಾ ಬನ್ನಿ.

ಇನ್ನು ನನ್ನ ಕಸುಬಿನ ಮಾತು. ಗ್ಲಿಮಿಪಿರೈಡ್, ಗ್ಲಿಪಿಜೈಡ್, ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬಿಟ್ಟು ಔಷಧಿ ಮಾತ್ರ ತೆಗೆದುಕೊಂಡರೆ ಸಕ್ಕರೆ ಕುಸಿಯುತ್ತದೆ. ಊರಿನಿಂದ ತಂದ ಮಾತ್ರೆಗೂ ಇದೇ ಮಾತು. ಬೆವರು, ನಡುಕ, ಮಂಕು ಬಂದರೆ ಸಕ್ಕರೆ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರ್ನಾಲ್ಕು ಟೀ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿಗೆ ಹಾಕಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, 911ಕ್ಕೆ ಫೋನ್ ಮಾಡಿ. ಮನೆಯಲ್ಲಿ ಸಾಮಾನು ಮುಗಿಯುತ್ತಾ ಬಂದಿದ್ದರೆ ನಿಮ್ಮ ಡಾಕ್ಟರಿಗೆ ಹೇಳಿ. ನಾವು ಅದನ್ನು ಕೇಳುವುದಿಲ್ಲ, ಅದು ನಮ್ಮ ತಪ್ಪು. ನಾನೂ ಎರಡನೇ ಸಲದ ತನಕ ಕೇಳಿರಲಿಲ್ಲ.

ಬಿಪಿ ನೋಡುವ ಮೇಜಿನ ಪಕ್ಕ ಇನ್ನೊಂದು ಮೇಜು ಹಾಕಿದ್ದೇವೆ. ಕಾರ್ಡ್ ಮತ್ತು ಕೌಂಟಿಯ ಪತ್ರ ತಂದವರಿಗೆ ನಮ್ಮ ಹುಡುಗರು ಫೋನ್ ಹಚ್ಚಿಕೊಡುತ್ತಾರೆ, ನಿಮ್ಮ ತಾರೀಕನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಡುತ್ತಾರೆ, ಅದನ್ನು ಫ್ರಿಜ್ ಮೇಲೆ ಅಂಟಿಸಿಕೊಳ್ಳಿ. ಪಿನ್ ಮಾತ್ರ ನೀವೇ ಒತ್ತಿ, ಹುಡುಗರಿಗೂ ಹೇಳಬೇಡಿ, ನನಗೂ ಹೇಳಬೇಡಿ.