ಅಂಗಳಕ್ಕೊಂದು ನಿಯಮ: ಶಾಲಾ ಮಕ್ಕಳ ಚೆಂಡಾಟ ಕಲಿಸುವ ಪಾಠ



ದತ್ತಿ ಉಪನ್ಯಾಸವೆಂದರೆ ಕಾವ್ಯ, ಶಾಸನ, ವಚನಗಳಂಥ ವಿಷಯಗಳನ್ನು ನಿರೀಕ್ಷಿಸುವುದು ರೂಢಿ. ಕೊಡಗಿನ ಚೆಟ್ಟಳ್ಳಿಯ ಈ ವೇದಿಕೆಯಲ್ಲಿ ಮಕ್ಕಳ ಚೆಂಡಾಟವನ್ನು ಕುರಿತು ನಾನು ಮಾತನಾಡಲು ಒಪ್ಪಿಗೆಯಿತ್ತ ದತ್ತಿದಾನಿಗಳಿಗೆ ನಾನು ಋಣಿ. ಲಗೋರಿಯಾಗಲಿ ಕ್ರಿಕೆಟ್ಟಾಗಲಿ, ಒಂದೇ ಆಟದ ನಿಯಮ ಒಂದು ಶಾಲೆಯಲ್ಲಿ ಒಂದು ಬಗೆ, ಮೂರು ಮೈಲಿ ಆಚೆಯ ಶಾಲೆಯಲ್ಲಿ ಇನ್ನೊಂದು ಬಗೆ. ದೊಡ್ಡವರಿಗೆ ಇದು ಅಜ್ಞಾನವಾಗಿ, ಅಶಿಸ್ತಾಗಿ ಕಾಣುತ್ತದೆ. ಆದರೆ ಇದು ಮಕ್ಕಳು ತಮ್ಮ ನೆಲ, ತಮ್ಮ ಚೆಂಡು, ತಮ್ಮ ಜೊತೆಗಾರರನ್ನು ನೋಡಿ ಒಪ್ಪಿ ಮಾಡಿಕೊಂಡ ಕಾನೂನು ಎಂಬುದು ನನ್ನ ವಾದ. ಅದನ್ನು ಏಕರೂಪಕ್ಕೆ ತರುವುದಕ್ಕಿಂತ ಅದು ಹುಟ್ಟುವ ಅವಕಾಶವನ್ನು ಕಾಯುವುದು ಶಾಲೆಯ ಕೆಲಸ.

ಲಗೋರಿಯನ್ನೇ ತೆಗೆದುಕೊಳ್ಳೋಣ. ಚಪ್ಪಟೆ ಕಲ್ಲನ್ನೋ ಹೆಂಚಿನ ಚೂರನ್ನೋ ಒಂದರ ಮೇಲೊಂದು ಪೇರಿಸಬೇಕು, ಗೆರೆಯ ಆಚೆ ನಿಂತು ಚೆಂಡೆಸೆದು ಉರುಳಿಸಬೇಕು, ಎದುರು ಪಕ್ಷದವರ ಏಟು ತಪ್ಪಿಸಿಕೊಂಡು ಮತ್ತೆ ಪೇರಿಸಿ ‘ಲಗೋರಿ’ ಎಂದು ಕೂಗಬೇಕು. ರಾಜಸ್ಥಾನದ ಸತೋಲಿಯಾ, ಪಂಜಾಬಿನ ಪಿಟ್ಠೂ ಆಟಗಳ ಚೌಕಟ್ಟೂ ಇದೇ. ಬದಲಾಗುವುದು ಒಳಗಿನ ವಿವರ. ಕಲ್ಲು ಏಳೋ, ಐದೋ? ಉರುಳಿಸಲು ಎಸೆತ ಎಷ್ಟು? ನೆಲಕ್ಕೆ ಒಮ್ಮೆ ಪುಟಿದ ಚೆಂಡನ್ನು ಹಿಡಿದರೆ ಔಟೋ, ಅಲ್ಲವೋ? ಚೆಂಡು ಕೈಯಲ್ಲಿರುವಾಗ ಓಡಬಹುದೇ, ನಿಂತಲ್ಲಿಂದಲೇ ಎಸೆಯಬೇಕೇ? ಏಟು ಬಿದ್ದವನೊಬ್ಬ ಹೊರಗೋ, ಇಡೀ ಪಕ್ಷವೋ? ಈ ಪ್ರಶ್ನೆಗಳಿಗೆ ಪ್ರತಿ ಅಂಗಳವೂ ತನ್ನದೇ ಉತ್ತರ ಕೊಟ್ಟುಕೊಂಡಿರುತ್ತದೆ.

ಆ ಉತ್ತರಗಳ ಹಿಂದೆ ಕಾರಣಗಳಿವೆ. ಬಟ್ಟೆ ಸುತ್ತಿ ಮಾಡಿದ ಚೆಂಡಿನ ಏಟನ್ನು ಬೆನ್ನು ತಡೆಯುತ್ತದೆ. ರಬ್ಬರ್ ಚೆಂಡು ಬಂದರೆ ‘ಸೊಂಟದ ಕೆಳಗೆ ಮಾತ್ರ’ ಎಂಬ ಕಟ್ಟಳೆ ಬೇಕಾಗುತ್ತದೆ. ಅಂಗಳ ಕಿರಿದಾದರೆ ಓಡುವುದಕ್ಕೆ ಮಿತಿ ಬರುತ್ತದೆ. ಕೊಡಗಿನ ಇಳಿಜಾರಿನಲ್ಲಿ ಮಟ್ಟಮಾಡಿದ ಮೈದಾನದ ಅಂಚಿಗೇ ಕಾಫಿ ತೋಟ ಇದ್ದರೆ, ಕ್ರಿಕೆಟ್‌ನಲ್ಲಿ ತೋಟದೊಳಕ್ಕೆ ಹೊಡೆದದ್ದು ಸಿಕ್ಸರ್ ಆಗದೆ ಔಟ್ ಆಗುವುದೇ ಜಾಣತನ. ಇಲ್ಲದಿದ್ದರೆ ಇರುವ ಒಂದೇ ಚೆಂಡು ಗಿಡಗಳ ನಡುವೆ ಕಳೆದುಹೋಗುತ್ತದೆ. ಆಡುವವರು ಆರೇ ಮಂದಿಯಾದರೆ, ಒಮ್ಮೆ ಪುಟಿದ ಚೆಂಡನ್ನು ಹಿಡಿದರೂ ಔಟ್ ಎನ್ನುವ ‘ಒನ್ ಪಿಚ್ ಕ್ಯಾಚ್’ ಬರುತ್ತದೆ, ಏಕೆಂದರೆ ಹಿಡಿಯಲು ಆಳಿಲ್ಲ. ಒಬ್ಬ ಹೆಚ್ಚಾದರೆ ಅವನು ಎರಡೂ ಪಕ್ಷಕ್ಕೆ ಆಡುತ್ತಾನೆ. ಅಕ್ಕನ ಕೈ ಹಿಡಿದು ಬಂದ ಪುಟ್ಟ ತಮ್ಮನಿಗೆ ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂಬ ಸ್ಥಾನ ಸಿಗುತ್ತದೆ. ದೊಡ್ಡವರ ಬಾಯಲ್ಲಿ ಈ ಮಾತು ಮೂದಲಿಕೆಯಾದರೂ ಆಟದಲ್ಲಿ ಅದು ದಯೆಯ ನಿಯಮ: ಆಡಲಾರದವನನ್ನು ಹೊರಗಿಡದೆ, ಆಡಬಲ್ಲವರ ಲೆಕ್ಕವನ್ನೂ ಕೆಡಿಸದೆ ಇಬ್ಬರನ್ನೂ ಉಳಿಸಿಕೊಳ್ಳುವ ಉಪಾಯ.

ಶಾಲೆಗೊಂದು ನಿಯಮ ಇರುವುದು ಹಿಂದುಳಿದ ಊರುಗಳ ಲಕ್ಷಣವೆಂದು ತಿಳಿಯಬೇಕಿಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಹೀಗೆಯೇ ಇತ್ತು. ಈಟನ್ ಶಾಲೆಯಲ್ಲಿ ಉದ್ದನೆಯ ಗೋಡೆಗೆ ಒತ್ತಿಕೊಂಡು ಆಡುವ ಒಂದು ಬಗೆ ಬೆಳೆಯಿತು; ಇಂದಿಗೂ ಅಲ್ಲಿ ಅದನ್ನು ಆಡುತ್ತಾರೆ. ಹುಲ್ಲುಗಾವಲಿದ್ದ ರಗ್ಬಿ ಶಾಲೆಯಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು ಒಪ್ಪಿತವಾಯಿತು, ಅಲ್ಲಿನ ವಿದ್ಯಾರ್ಥಿಗಳೇ 1845ರಲ್ಲಿ ತಮ್ಮ ನಿಯಮಗಳನ್ನು ಬರೆದಿಟ್ಟರು. ಬೇರೆ ಬೇರೆ ಶಾಲೆಗಳಿಂದ ಬಂದವರು ಒಟ್ಟಿಗೆ ಆಡಲು ಹೊರಟಾಗ ತೊಡಕಾಯಿತು. 1863ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಸಂಘ ಹುಟ್ಟಿದ್ದು ಈ ತೊಡಕನ್ನು ಬಿಡಿಸಲು. ಚೆಂಡನ್ನು ಎತ್ತಿಕೊಂಡು ಓಡುವುದು, ಎದುರಾಳಿಯ ಮೊಣಕಾಲ ಕೆಳಗೆ ಒದೆಯುವುದು ಸರಿಯೇ ಎಂಬ ಚರ್ಚೆಯಲ್ಲಿ ಕೆಲವರು ಹೊರನಡೆದರು; 1871ರಲ್ಲಿ ರಗ್ಬಿಗೆ ಪ್ರತ್ಯೇಕ ಸಂಘವೇ ಆಯಿತು. ಇಂದು ಜಗತ್ತು ನೋಡುವ ಎರಡು ದೊಡ್ಡ ಆಟಗಳು ಶಾಲೆಗಳ ನಿಯಮಭೇದದಿಂದ ಹುಟ್ಟಿದವು. ಆ ಭೇದವನ್ನು ಮೊದಲೇ ಅಳಿಸಿಹಾಕಿದ್ದರೆ ಒಂದು ಹುಟ್ಟುತ್ತಲೇ ಇರಲಿಲ್ಲ.

ತಮ್ಮ ನಿಯಮವನ್ನು ತಾವೇ ಕಟ್ಟಿಕೊಳ್ಳುವುದರಿಂದ ಮಕ್ಕಳಿಗೆ ಏನು ಲಾಭ? ಸ್ವಿಟ್ಜರ್‌ಲೆಂಡಿನ ಜೀನ್ ಪಿಯಾಜೆ ಗೋಲಿಯಾಡುವ ಮಕ್ಕಳನ್ನು ಮಾತನಾಡಿಸಿ 1932ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. ಚಿಕ್ಕ ಮಕ್ಕಳು ನಿಯಮವೆಂದರೆ ಹಿರಿಯರು ಕೊಟ್ಟದ್ದು, ಮುಟ್ಟಬಾರದ್ದು ಎಂದು ನಂಬುತ್ತಾರೆ. ಹತ್ತು ಹನ್ನೊಂದು ವಯಸ್ಸಿನ ಹೊತ್ತಿಗೆ, ಎಲ್ಲರೂ ಒಪ್ಪಿದರೆ ಅದನ್ನು ಬದಲಿಸಬಹುದೆಂದು ಅರಿಯುತ್ತಾರೆ; ಹಾಗೆ ಅರಿತ ಮೇಲೆಯೇ ಅದನ್ನು ನಿಜವಾಗಿ ಪಾಲಿಸುತ್ತಾರೆ. ಕೊಡಗಿನ ಶಾಲೆಗಳಿಗೆ ಈ ಅರಿವಿನ ಬೆಲೆ ಇನ್ನೂ ಹೆಚ್ಚು. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ತಮಿಳು, ಎರವ ಮತ್ತು ಜೇನು ಕುರುಬರ ನುಡಿಗಳನ್ನು ಮನೆಯಲ್ಲಾಡುವ ಮಕ್ಕಳು ಇಲ್ಲಿ ಒಂದೇ ಮೈದಾನಕ್ಕೆ ಇಳಿಯುತ್ತಾರೆ. ತೋಟದ ಲೈನ್ ಮನೆಗಳಿಗೆ ಈಗ ಅಸ್ಸಾಮಿನಿಂದಲೂ ಕುಟುಂಬಗಳು ಬರುತ್ತಿವೆ. ವರ್ಷದ ನಡುವೆ ಶಾಲೆ ಬದಲಿಸಿದ ಮಗು ಮೊದಲು ಕೇಳಬೇಕಾದ್ದು ‘ಇಲ್ಲಿ ಹೇಗೆ ಆಡ್ತೀರಿ?’ ಎಂದು. ಆ ಪ್ರಶ್ನೆ ಕೇಳುವುದನ್ನೂ, ಕೇಳಿದವರಿಗೆ ತಾಳ್ಮೆಯಿಂದ ಹೇಳುವುದನ್ನೂ ಕಲಿತವರು ಮುಂದೆ ಒಂದೇ ಊರಿನಲ್ಲಿ ಜೊತೆಯಾಗಿ ಬಾಳಬಲ್ಲರು.

ನನ್ನ ವಾದಕ್ಕೆ ಎದುರಾಗುವ ಮೊದಲ ಆಕ್ಷೇಪ ಕೊಡಗಿನಲ್ಲೇ ಬಲವಾಗಿದೆ. ಏಕರೂಪದ ನಿಯಮವಿಲ್ಲದಿದ್ದರೆ ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ ಅವರಂಥ ಹಾಕಿ ಆಟಗಾರರಿಗೆ ಈ ನೆಲದಿಂದ ಜಗತ್ತಿನ ಅಂಗಳಕ್ಕೆ ಹೋಗಲಾಗುತ್ತಿತ್ತೇ? ಚೆಡುಗುಡು, ಹುತುತು ಎಂದು ಸೀಮೆಗೊಂದು ಬಗೆಯಾಗಿದ್ದ ಕಬಡ್ಡಿ 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟಕ್ಕೆ ಏರುತ್ತಿತ್ತೇ? ಖಂಡಿತ ಇಲ್ಲ. ಸ್ಪರ್ಧೆಗೆ ಸಮಾನ ನಿಯಮ ಬೇಕೇ ಬೇಕು. ಆದರೆ ಪಂದ್ಯ ಬೇರೆ, ಊಟದ ಬಿಡುವಿನ ಆಟ ಬೇರೆ. ಪಂದ್ಯದ ನಿಯಮವೂ ಕಲ್ಲಿನಲ್ಲಿ ಕೊರೆದದ್ದಲ್ಲ: 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಹುಲ್ಲಿನಿಂದ ಕೃತಕ ಹಾಸಿನ ಮೇಲಕ್ಕೆ ಬಂತು, ಆಟದ ವೇಗ ಬದಲಾಯಿತು, 1998ರಲ್ಲಿ ಆಫ್‌ಸೈಡ್ ನಿಯಮವೇ ಹೋಯಿತು. ನೆಲಕ್ಕೆ ತಕ್ಕಂತೆ ನಡೆಯಬೇಕೆಂಬುದು ಈ ಊರಿಗೆ ಹೊಸದೂ ಅಲ್ಲ: ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರವಿದ್ದರೂ 1946ರಲ್ಲಿ ಚೆಟ್ಟಳ್ಳಿಯಲ್ಲಿ ಉಪಕೇಂದ್ರ ತೆರೆದದ್ದು, ಕೊಡಗಿನ ಮಣ್ಣು ಮಳೆಗೆ ಒಗ್ಗುವುದನ್ನು ಕೊಡಗಿನಲ್ಲೇ ಪರೀಕ್ಷಿಸಬೇಕೆಂದು. ಗಿಡಕ್ಕೆ ಒಪ್ಪುವ ಈ ವಿವೇಕವನ್ನು ಮಕ್ಕಳಿಗೆ ನಿರಾಕರಿಸುವುದು ನ್ಯಾಯವಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಮಕ್ಕಳ ಕೈಗೆ ನಿಯಮ ಕೊಟ್ಟರೆ ಬಲಶಾಲಿ ಹೇಳಿದ್ದೇ ನಿಯಮವಾಗುತ್ತದೆ. ಬ್ಯಾಟಿನ ಒಡೆಯನೇ ಅಂಪೈರ್ ಆಗುತ್ತಾನೆ. ಹುಡುಗಿಯರು, ಬಡವರ ಮಕ್ಕಳು, ಭಾಷೆ ಬಾರದವರು ಅಂಚಿಗೆ ಸರಿಯುತ್ತಾರೆ. ಇದು ನಿಜ, ಇದನ್ನು ಮರೆಮಾಚಬಾರದು. ಆದರೆ ಅಚ್ಚಾದ ನಿಯಮ ಇದಕ್ಕೆ ಮದ್ದಲ್ಲ. ಹನ್ನೊಂದು ಮಂದಿಯನ್ನು ಆರಿಸಿ ಉಳಿದವರನ್ನು ಬೇಲಿಯಾಚೆ ನಿಲ್ಲಿಸುವುದು ಅದರ ಸ್ವಭಾವ. ಮದ್ದು ನಿಯಮವನ್ನು ಹಿಗ್ಗಿಸುವುದರಲ್ಲಿದೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವವನ್ನು ನೋಡಿ. ತಂಡವೆಂದರೆ ಒಂದು ಒಕ್ಕ, ಅಂದರೆ ಒಂದು ಕುಟುಂಬ; ಅದರಲ್ಲಿ ಹೆಣ್ಣುಮಕ್ಕಳೂ ಗಂಡಸರ ಜೊತೆ ಆಡಬಹುದು. ಈ ಎರಡು ಮನೆನಿಯಮಗಳು ಅಂತರರಾಷ್ಟ್ರೀಯ ಆಟವೊಂದನ್ನು ಸಾವಿರಾರು ಜನರ ಹಬ್ಬ ಮಾಡಿದವು. ಶಿಕ್ಷಕರು ಕಾಯಬೇಕಾದ್ದು ಒಂದೇ ಷರತ್ತನ್ನು: ನಿಯಮ ಏನಾದರೂ ಆಗಲಿ, ಆಡಲು ಬಂದವರು ಯಾರೂ ಹೊರಗುಳಿಯಬಾರದು. ಉಳಿದದ್ದನ್ನು ಮಕ್ಕಳೇ ಜಗಳವಾಡಿ ತೀರ್ಮಾನಿಸಲಿ. ಒಪ್ಪದವನು ಆಟ ಬಿಟ್ಟು ಹೋಗಬಲ್ಲ, ಹೋದರೆ ಆಟವೇ ನಿಲ್ಲುತ್ತದೆ ಎಂಬುದು ಬಲಶಾಲಿಯನ್ನೂ ಮಾತಿಗೆ ಕೂರಿಸುತ್ತದೆ.

ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಆಟವನ್ನು ಹಕ್ಕೆಂದು ಒಪ್ಪಿದೆ. ಭಾರತ 1992ರಲ್ಲಿ ಅದನ್ನು ಅಂಗೀಕರಿಸಿದೆ. 2009ರ ಶಿಕ್ಷಣ ಹಕ್ಕು ಕಾಯಿದೆ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆನ್ನುತ್ತದೆ. ಮೈದಾನದ ಜೊತೆಗೆ ಸೀಟಿ ಊದದ ಅರ್ಧ ಗಂಟೆಯೂ ಬೇಕು. ಅಂತರಶಾಲಾ ಕೂಟಗಳಲ್ಲಿ ಒಂದು ಲಗೋರಿ ಆಟಕ್ಕಾದರೂ ನಿಯಮಪತ್ರ ಹಂಚದೆ, ಎರಡು ಶಾಲೆಗಳ ಮಕ್ಕಳೇ ಮೊದಲು ಕೂತು ಮಾತಾಡಿ ನಿಯಮ ಗೊತ್ತುಮಾಡಿಕೊಳ್ಳಲು ಬಿಡಿ. ಪ್ರತಿ ಶಾಲೆಯ ಮಕ್ಕಳು ತಮ್ಮ ಆಟಗಳ ನಿಯಮಗಳನ್ನು, ಅವುಗಳ ಕಾರಣಗಳ ಸಮೇತ, ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಕಾನೂನನ್ನು ಒಪ್ಪಿ ಕಟ್ಟುವ, ಒಪ್ಪಿ ಬದಲಿಸುವ ಅಭ್ಯಾಸ ಹತ್ತನೆಯ ವಯಸ್ಸಿಗೇ ಆದವರಿಗೆ ಹದಿನೆಂಟಕ್ಕೆ ಸಿಗುವ ಮತದ ಅರ್ಥವನ್ನು ಬೇರೆಯಾಗಿ ಕಲಿಸಬೇಕಾಗುವುದಿಲ್ಲ. ಇದನ್ನು ನಮ್ಮ ಶಾಲೆಗಳಿಂದಲೇ ಆರಂಭಿಸೋಣವೆಂದು ತಮ್ಮೆಲ್ಲರನ್ನೂ ಕೋರುತ್ತೇನೆ.