ಹತ್ತುಮೀನಿನ ಹಳ್ಳದಲ್ಲಿ ಕಾಣದ ಹಾವು

(ಮುಂಗಾರಿನ ಆರಂಭದಲ್ಲಿ ನಡೆದ ಗ್ರಾಮಸ್ಥರ ಹಾಗೂ ವಿದ್ಯಾರ್ಥಿಗಳ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಮುಂಗಾರಿನ ಮೊದಲ ಜಡಿಮಳೆಗೆ ಹಳ್ಳಗಳು ಕೆಂಪಾಗಿ ಹರಿಯತೊಡಗಿದೊಡನೆ ನಮ್ಮ ಮಲೆನಾಡಿನ ಗಂಡಸರಿಗೆ ಮನೆಯೊಳಗೆ ಕಾಲು ನಿಲ್ಲುವುದಿಲ್ಲ. ಮೊಟ್ಟೆಯಿಡಲು ಮೀನುಗಳು ಹೊಳೆಯಿಂದ ಹಳ್ಳಕ್ಕೂ ಹಳ್ಳದಿಂದ ಗದ್ದೆಗೂ ಹತ್ತುವ ಕಾಲವದು. ಬ್ಯಾಟರಿ, ಕತ್ತಿ, ಕೂಣಿಗಳನ್ನು ಹಿಡಿದು ರಾತ್ರಿಯೆಲ್ಲ ನೀರಿನಲ್ಲಿ ನಿಲ್ಲುವುದು ನಮಗೆ ಬೇಟೆಯೂ ಹೌದು, ಹಬ್ಬವೂ ಹೌದು. ಮೊಟ್ಟೆ ತುಂಬಿದ ಮೀನನ್ನು ಕಡಿಯುವುದು ಸರಿಯೆ ಎಂಬ ಪ್ರಶ್ನೆಯನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳೋಣ. ಅದನ್ನು ನಾನು ಬಿಡುವವನಲ್ಲ. ಇಂದು ಹೇಳಬೇಕೆಂದಿರುವುದು ಅದೇ ಹಳ್ಳದ ದಂಡೆಯಲ್ಲಿ, ಅದೇ ರಾತ್ರಿ, ನಮ್ಮಂತೆಯೇ ಬೇಟೆಗೆಂದು ಬಂದು ಕುಳಿತಿರುವ ಹಾವುಗಳ ವಿಚಾರ.

ಹಳ್ಳದಲ್ಲಿ ನಮ್ಮ ಕಣ್ಣಿಗೆ ಬೀಳುವುದು ಬಹುಮಟ್ಟಿಗೆ ನೀರುಹಾವು. ಮೈಮೇಲೆ ಚದುರಂಗದ ಮಣೆಯಂತೆ ಕಪ್ಪು ಚೌಕಗಳು, ಕಣ್ಣಿನಿಂದ ಓರೆಯಾಗಿ ಇಳಿಯುವ ಎರಡು ಕಪ್ಪು ಗೆರೆಗಳು. ಮೀನಿನಾಸೆಗೆ ಕೂಣಿಯೊಳಗೆ ನುಗ್ಗಿ ಸಿಕ್ಕಿಬೀಳುವುದೂ ಇದೇ. ಹಿಡಿಯಹೋದರೆ ಸಿಟ್ಟಿನಿಂದ ಕಚ್ಚುತ್ತದೆ, ರಕ್ತವೂ ಬರುತ್ತದೆ. ಆದರೆ ಮನುಷ್ಯನ ಪ್ರಾಣಕ್ಕೆ ಎರವಾಗುವ ವಿಷ ಅದರಲ್ಲಿಲ್ಲ. ಅದರ ಲ್ಯಾಟಿನ್ ಹೆಸರಿನಲ್ಲಿ ಬರುವ 'ಪಿಸ್ಕೇಟರ್' ಎಂಬ ಪದಕ್ಕೆ ಮೀನುಗಾರನೆಂದೇ ಅರ್ಥ. ಒಬ್ಬ ಮೀನುಗಾರ ಇನ್ನೊಬ್ಬ ಮೀನುಗಾರನನ್ನು ಕತ್ತಿಯಿಂದ ತುಂಡರಿಸಿ ದಂಡೆಗೆಸೆಯುವುದನ್ನು ನಾನು ಪ್ರತಿ ಮಳೆಗಾಲವೂ ಕಾಣುತ್ತೇನೆ.

ನಿಜವಾದ ಅಪಾಯವಿರುವುದು ಕಾಣದೆ ಉಳಿಯುವ ಗುಳಿಮಂಡಲಗಳಿಂದ. ಮಲಬಾರ್ ಗುಳಿಮಂಡಲ ನಮ್ಮ ಪಶ್ಚಿಮ ಘಟ್ಟಗಳನ್ನು ಬಿಟ್ಟರೆ ಬೇರೆಲ್ಲಿಯೂ ಇಲ್ಲ. ಹಸಿರು, ಕಂದು, ಹಳದಿ ಎಂದು ಒಂದೇ ಜಾತಿಗೆ ಹಲವು ಬಣ್ಣ. ಹಳ್ಳಕ್ಕೆ ಬಾಗಿದ ಕೊಂಬೆಯ ಮೇಲೆ, ಪಾಚಿಗಟ್ಟಿದ ಬಂಡೆಯ ಮೇಲೆ ಕಪ್ಪೆಗಾಗಿ ಗಂಟೆಗಟ್ಟಲೆ ಕಾದು ಕೂರುತ್ತದೆ. ನಾವು ಸಮೀಪಿಸಿದರೂ ಸರಿದುಹೋಗುವುದಿಲ್ಲ. ಅಲುಗದಿರುವುದೇ ಅದರ ರಕ್ಷಣೋಪಾಯ. ಇನ್ನೊಂದು ಗೂನುಮೂಗಿನ ಗುಳಿಮಂಡಲ. ಒಂದರಿಂದ ಒಂದೂವರೆ ಅಡಿ ಉದ್ದ, ತರಗೆಲೆಯದೇ ಬಣ್ಣ. ಅಡಿಕೆ ತೋಟಕ್ಕೆ ಸೊಪ್ಪು, ತರಗು ಹೊದಿಸಿರೆಂದು ನಿಮಗೆಲ್ಲ ಹೇಳುತ್ತ ಬಂದವನು ನಾನೇ. ಆ ಹೊದಿಕೆ ಅದಕ್ಕೂ ಮನೆ. ಹಾಗೆಂದು ಆ ಸಲಹೆಯನ್ನು ಹಿಂದೆಗೆದುಕೊಳ್ಳುತ್ತಿಲ್ಲ, ಬರಿಗೈಯಲ್ಲಿ ತರಗು ಬಾಚಬೇಡಿರೆಂದು ಜೊತೆಗೆ ಹೇಳಬೇಕಿತ್ತು. ಈ ಹಾವುಗಳ ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಒಂದು ಗುಳಿಯಿದೆ. ಅದು ಬಿಸಿಮೈಯ ಶಾಖವನ್ನು ಗ್ರಹಿಸುತ್ತದೆ. ನಮಗೆ ಕತ್ತಲಾದಾಗ ಅವಕ್ಕೆ ಕತ್ತಲಿಲ್ಲ.

ಕೆಲವು ವರ್ಷಗಳ ಹಿಂದೆ, ಜೂನ್ ತಿಂಗಳ ಒಂದು ರಾತ್ರಿ, ನೆರೆಮನೆಯ ಹುಡುಗನೊಂದಿಗೆ ಹಳ್ಳಕ್ಕಿಳಿದಿದ್ದೆ. ಹಿಂದಿರುಗುವಾಗ ದಂಡೆ ಹತ್ತಲು ಅವನು ಬೇರೊಂದನ್ನು ಹಿಡಿಯಹೋದ. "ಅಣ್ಣಯ್ಯ, ಮುಳ್ಳು ಚುಚ್ಚಿತು ಕಾಣ್ತದೆ" ಎಂದ. ಬ್ಯಾಟರಿ ಬಿಟ್ಟು ನೋಡಿದರೆ ತರಗೆಲೆಯ ನಡುವೆ ಮೊಳಕ್ಕಿಂತ ಕಿರಿದಾದ ಹಾವು ಸುರುಳಿ ಸುತ್ತಿ ಕುಳಿತಿತ್ತು. ಅವನು ಅದನ್ನು ಯಾವುದೋ ಮರಿಯೆಂದುಕೊಂಡ, ನಾನೂ ಹಾಗೆಯೇ ತಿಳಿದೆ. ಆದರೂ ಗಾಬರಿಯಿಂದ ಟವೆಲನ್ನು ಅವನ ಮುಂಗೈಗೆ ಬಿಗಿದು ಕಟ್ಟಿದೆ. ಡಾಕ್ಟರೇಟ್ ಪಡೆದವನು ಮಾಡಿದ ಕೆಲಸವಿದು. ಮನೆಯವರು ಮೊದಲು ನಾಟಿ ವೈದ್ಯರಲ್ಲಿಗೆ ಎಂದರು, ನಾನು ತಡೆಯಲಿಲ್ಲ. ಆಸ್ಪತ್ರೆ ಮುಟ್ಟುವಾಗ ಬೆಳಗಾಗಿತ್ತು. ಗಾಜಿನ ನಳಿಕೆಯಲ್ಲಿಟ್ಟ ರಕ್ತ 20 ನಿಮಿಷ ಕಳೆದರೂ ಹೆಪ್ಪುಗಟ್ಟಲಿಲ್ಲ. ಪ್ರತಿವಿಷ ಕೊಟ್ಟರೂ ಗುಣ ಕಾಣಲಿಲ್ಲ. ಮೂರನೆಯ ದಿನ ಮೂತ್ರ ಕಡಿಮೆಯಾಯಿತು, ಡಯಾಲಿಸಿಸ್ ಆರಂಭಿಸಿದರು. ಹುಡುಗ ಉಳಿದ, ಬೆರಳಿನ ಒಂದು ಗೆಣ್ಣು ಉಳಿಯಲಿಲ್ಲ. ಅದರಲ್ಲಿ ನನ್ನ ಟವೆಲಿನ ಪಾಲೂ ಇದೆಯೆಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು.

ಪ್ರತಿವಿಷ ಏಕೆ ಫಲಿಸಲಿಲ್ಲ? ನಮ್ಮ ಆಸ್ಪತ್ರೆಗಳಲ್ಲಿರುವ ಪ್ರತಿವಿಷವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷದಿಂದ, ಕುದುರೆಗಳ ಮೂಲಕ ತಯಾರಿಸುತ್ತಾರೆ. ಅದಕ್ಕೆ ಬೇಕಾದ ವಿಷದ ಬಹುಪಾಲು ಬಂದಿರುವುದು ತಮಿಳುನಾಡಿನ ಇರುಳರು 1978ರಲ್ಲಿ ಕಟ್ಟಿಕೊಂಡ ಸಹಕಾರ ಸಂಘದಿಂದ. ಗುಳಿಮಂಡಲಗಳ ವಿಷವಾಗಲಿ, ಆಗುಂಬೆ ಕಡೆಯ ಕಾಳಿಂಗಸರ್ಪದ ವಿಷವಾಗಲಿ ಆ ಪಟ್ಟಿಯಲ್ಲಿಲ್ಲ.

ಹಾಗಾದರೆ ಆಸ್ಪತ್ರೆಗೆ ಹೋಗಿ ಏನು ಪ್ರಯೋಜನವೆಂದು ಕೇಳುವವರಿದ್ದಾರೆ. ಕಚ್ಚಿದ್ದು ಗುಳಿಮಂಡಲವೇ ಎಂದು ಕತ್ತಲಲ್ಲಿ ಹೇಳುವವರು ಯಾರು? ಗದ್ದೆಯಂಚಿನಲ್ಲಿ ಕೊಳಕುಮಂಡಲವೂ ಇರುತ್ತದೆ. ಅದರ ಕಡಿತಕ್ಕೆ ಪ್ರತಿವಿಷವೇ ಮದ್ದು, ಕಳೆದ ಪ್ರತಿ ಗಂಟೆಯೂ ನಷ್ಟ. ಗುಳಿಮಂಡಲವೇ ಆದರೂ ರಕ್ತಸ್ರಾವವನ್ನೂ ಮೂತ್ರಪಿಂಡವನ್ನೂ ಕೆಲವು ದಿನ ಕಾಯಬಲ್ಲವರು ವೈದ್ಯರು ಮಾತ್ರ. ಆದುದರಿಂದ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಉಂಗುರ, ಬಳೆ, ಗಡಿಯಾರಗಳನ್ನು ಬಾವು ಬರುವ ಮೊದಲೇ ತೆಗೆಯಿರಿ. ಮುರಿದ ಮೂಳೆಗೆ ದಬ್ಬೆ ಇಡುವಂತೆ ಕೈಕಾಲನ್ನು ಅಲುಗದಂತಿಟ್ಟು, ನಡೆಸದೆ ಹೊತ್ತೊಯ್ಯಿರಿ. ಹಾವನ್ನು ಹೊಡೆದು ತರುವ ಸಾಹಸದಲ್ಲಿ ಎರಡನೆಯವರಿಗೂ ಕಡಿತವಾಗಬಹುದು. ದೂರದಿಂದ ಮೊಬೈಲಿನಲ್ಲಿ ಚಿತ್ರ ತೆಗೆದರೆ ಸಾಕು. ಮನೆಗೆ ಕಳುಹಿಸಿದ ಮೇಲೂ ಮೂತ್ರದ ಪ್ರಮಾಣ, ಬಣ್ಣಗಳನ್ನು ಗಮನಿಸಿರಿ. ಇನ್ನು ಏಡಿಯ ಬಿಲಕ್ಕೆ ಕೈ ಹಾಕುವ ನಮ್ಮ ಹಳೆಯ ಚಟ! ಮೊದಲು ಕೋಲು ಹೋಗಲಿ, ಆಮೇಲೆ ಕೈ.

ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು. ಆದರೆ ಚೀಟಿಯಲ್ಲಿ ಬರಿದೇ 'ಹಾವು' ಎಂದು ಬರೆದರೆ ನಮ್ಮ ಗುಳಿಮಂಡಲ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಲೆಕ್ಕಕ್ಕೆ ಸಿಗದ ಹಾವಿಗೆ ಮದ್ದು ತಯಾರಿಸಲು ಯಾವ ಕಂಪನಿಯೂ ಮುಂದಾಗದು. ಗೊತ್ತಿದ್ದಲ್ಲಿ ಜಾತಿಯ ಹೆಸರನ್ನೂ ದಾಖಲಿಸಿರೆಂದು ವೈದ್ಯರನ್ನು ವಿನಯದಿಂದ ಕೇಳಿರಿ, ತೆಗೆದ ಚಿತ್ರವನ್ನು ತೋರಿಸಿರಿ.

ಆ ಹುಡುಗನಿಗೆ ಈಗ ಮದುವೆಯಾಗಿದೆ. ಹತ್ತುಮೀನಿನ ಹುಚ್ಚು ಬಿಟ್ಟಿಲ್ಲ. ಗಂಬೂಟು ಹಾಕಿ, ಮಾರುದ್ದದ ಕೋಲಿನಿಂದ ದಂಡೆಯ ಸೊಪ್ಪನ್ನು ಬಡಿಯುತ್ತ ಮುಂದೆ ನಡೆಯುತ್ತಾನೆ. ಹಿಂದಿನಿಂದ ನಾನು ಬ್ಯಾಟರಿ ಹಿಡಿಯುತ್ತೇನೆ. ಕೂಣಿಯಲ್ಲಿ ನೀರುಹಾವು ಸಿಕ್ಕರೆ ಬಾಯಿ ಬಿಚ್ಚಿ ಹೊಳೆಗೆ ಕೊಡವುತ್ತಾನೆ.