ಜೇಬಿಗೆ ಹೊಡೆದ ತಾಮ್ರದ ಮೊಳೆ



ಜೀನ್ಸ್ ಪ್ಯಾಂಟನ್ನು ನಾವೆಲ್ಲ ನೋಡಿದ್ದೇವೆ. ನಮ್ಮ ಮಕ್ಕಳು ಹಾಕ್ತಾರೆ. ಬಳ್ಳಾರಿಯಲ್ಲಿ ಅದನ್ನು ಹೊಲಿದೇ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಅದರ ಜೇಬಿನ ಮೂಲೆಯಲ್ಲಿ ಪುಟ್ಟ ಮೊಳೆ ಇರುತ್ತದಲ್ವಾ? ಅದು ಅಲ್ಲಿಗೆ ಹೇಗೆ ಬಂತು? ಇವತ್ತು ಆ ಕಥೆ ಹೇಳ್ತೇವೆ.

ಜರ್ಮನಿಯ ಬವೇರಿಯಾ ಸೀಮೆ. ಅಲ್ಲಿ ಬುಟನ್‌ಹೈಮ್ ಎಂಬ ಊರು. 1829ರಲ್ಲಿ ಲೀವೈ ಸ್ಟ್ರಾಸ್ ಅಲ್ಲಿ ಹುಟ್ಟಿದ. ಮನೆಯವರು ಯಹೂದಿಗಳು. ಆಗ ಅಲ್ಲಿ ಯಹೂದಿಗಳಿಗೆ ನೂರೆಂಟು ಕಟ್ಟುಪಾಡು. ಊರಲ್ಲಿ ಇಷ್ಟೇ ಯಹೂದಿ ಮನೆಗಳಿರಬೇಕು ಅಂತ ಸರ್ಕಾರದ ಲೆಕ್ಕ. ತಂದೆ ಊರೂರು ತಿರುಗಿ ಸಾಮಾನು ಮಾರುತ್ತಿದ್ದ. 1846ರಲ್ಲಿ ಕ್ಷಯ ಬಂದು ತೀರಿಕೊಂಡ.

ತಾಯಿ ರೆಬೆಕ್ಕಾ ಎದೆಗುಂದಲಿಲ್ಲ. ಲೀವೈಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹಡಗು ಹತ್ತಿದಳು. ಅಮೆರಿಕದ ನ್ಯೂಯಾರ್ಕಿನಲ್ಲಿ ಅಣ್ಣಂದಿರ ಬಟ್ಟೆ ವ್ಯಾಪಾರವಿತ್ತು. ಲೀವೈ ಅಲ್ಲಿ ಕಸುಬು ಕಲಿತ.

ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತ್ತು. ಜನ ಅತ್ತ ಓಡುತ್ತಿದ್ದರು. 1853ರಲ್ಲಿ ಲೀವೈಯೂ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದ. ಚಿನ್ನ ಅಗೆಯಲಿಕ್ಕಲ್ಲ. ಬಟ್ಟೆಬರೆಯ ಸಗಟು ಅಂಗಡಿ ಇಟ್ಟ.

ರೀನೋ ಎಂಬ ಊರಲ್ಲಿ ಜೇಕಬ್ ಡೇವಿಸ್ ಅಂತ ದರ್ಜಿ. ಲೀವೈ ಅಂಗಡಿಯಿಂದಲೇ ಬಟ್ಟೆ ತರಿಸುತ್ತಿದ್ದ. ಒಂದು ದಿನ ಕೂಲಿಯವನ ಹೆಂಡತಿ ಬಂದಳು. "ನನ್ನ ಗಂಡನಿಗೆ ಹರಿಯದ ಪ್ಯಾಂಟು ಹೊಲಿದು ಕೊಡಿ" ಅಂದಳು. ಮೂರು ಡಾಲರ್ ಮುಂಗಡ ಕೊಟ್ಟಳು. ಜೇಬು ಕಿತ್ತುಬರಬಾರದು ಅಂತ ಡೇವಿಸ್ ಮೂಲೆಗೆ ತಾಮ್ರದ ಮೊಳೆ ಹೊಡೆದ. ಪ್ಯಾಂಟು ಗಟ್ಟಿಯಾಯಿತು. ಗಿರಾಕಿಗಳು ಮುಗಿಬಿದ್ದರು.

ಬೇರೆಯವರು ನಕಲು ಮಾಡದ ಹಾಗೆ ಹಕ್ಕು ಬರೆಸಿಕೊಳ್ಳಬೇಕು. ಅದಕ್ಕೆ ದುಡ್ಡು ಬೇಕು. ಇನ್ನು ದುಡ್ಡು ಹಾಕಬೇಡಿ ಅಂತ ಹೆಂಡತಿ ತಡೆದಳು. ಆಗ, 1872ರಲ್ಲಿ, ಡೇವಿಸ್ ಲೀವೈಗೆ ಒಂದು ಕಾಗದ ಹಾಕಿದ. ಖರ್ಚು ನಿಮ್ಮದು, ಹಕ್ಕಿನಲ್ಲಿ ಅರ್ಧ ನಿಮಗೆ ಎಂಬುದು ಅದರ ಸಾರ. ಕಾಗದದ ತುಂಬ ಕಾಗುಣಿತದ ತಪ್ಪುಗಳು! ಆದರೂ ವಿಷಯ ಮುಟ್ಟಿತು. 1873ರ ಮೇ 20ರಂದು ಹಕ್ಕು ಸಿಕ್ಕಿತು. ಇಬ್ಬರೂ ಕೂಡಿ ಬೆಳೆದರು.

ಒಂದು ಮಾತು ಮುಚ್ಚಿಡಬಾರದು. ಆಗ ಆ ಊರಲ್ಲಿ ಚೀನಾದಿಂದ ಬಂದ ಕೂಲಿಗಳ ಮೇಲೆ ಬಹಳ ದ್ವೇಷ. ನಮ್ಮ ಬಟ್ಟೆ ಬಿಳಿಯರೇ ಹೊಲಿದದ್ದು ಅಂತ ಲೀವೈ ಕಂಪನಿಯೂ ಹೇಳಿಕೊಂಡಿತು. ಭೇದಭಾವ ಉಂಡು ಬಂದವನೇ ಇನ್ನೊಬ್ಬರಿಗೆ ಅದನ್ನು ಬಡಿಸಿದ. ಇದು ನಮಗೆ ನೋವಿನ ಸಂಗತಿ. ಅವನೇ 1897ರಲ್ಲಿ 28 ವಿದ್ಯಾರ್ಥಿ ವೇತನಗಳಿಗೆ ಹಣ ಕೊಟ್ಟ. ಅದೂ ನಿಜ. ಅವನು ಮದುವೆಯಾಗಲಿಲ್ಲ. 1902ರಲ್ಲಿ ತೀರಿಕೊಂಡ. ವ್ಯಾಪಾರ ಅಕ್ಕನ ಮಕ್ಕಳಿಗೆ ಹೋಯಿತು.

ಹಕ್ಕುಪತ್ರದಲ್ಲಿ ಡೇವಿಸ್ ಹೆಸರಿದೆ, ಲೀವೈ ಕಂಪನಿ ಹೆಸರಿದೆ. ಗಟ್ಟಿ ಪ್ಯಾಂಟು ಕೇಳಿದ ಆ ಹೆಂಗಸಿನ ಹೆಸರಿಲ್ಲ. ಬರೆದಿಟ್ಟವರ ಹೆಸರು ಉಳಿಯುತ್ತದೆ, ಅಕ್ಕಂದಿರೇ. ಒತ್ತು ತಪ್ಪೀತು, ದೀರ್ಘ ತಪ್ಪೀತು ಅಂತ ಹಿಂಜರಿಯುವುದು ಬೇಡ. ಈ ವಾರ ನಾವೂ ಒಂದೊಂದು ಕಾಗದ ಬರೆಯೋಣ. ಕೆಳಗೆ ನಮ್ಮ ಹೆಸರು ಹಾಕೋಣ.